ಆರೂವರೆ ಪುಟದ ಕೊಳೆರೋಗ: ಪೇಪರ್ ಆರು ಪುಟಕ್ಕೆ ಇಳಿಸುವುದು ಹೇಗೆ?

ತೋಟದ ದಾರಿ (ಶಿರಸಿ)

ಎಲ್ಲರಿಗೂ ನಮಸ್ಕಾರ. ನಾನು ಎಂ.ಟೆಕ್ ಎರಡನೇ ವರ್ಷ. ಅಡಿಕೆ ಕೊನೆಯ (ಗೊಂಚಲಿನ) ಫೋಟೋ ನೋಡಿ ಕೊಳೆ, ಅಂದರೆ ಕಾಯಿ ಕೊಳೆಯುವ ರೋಗ, ಬಂದಿದೆಯೋ ಇಲ್ಲವೋ ಹೇಳುವ ಪ್ರೋಗ್ರಾಂ ಮಾಡಿದ್ದೇನೆ. ಫೋಟೋ ನಮ್ಮ ತೋಟದ್ದು, ಪಕ್ಕದ ಎರಡು ತೋಟದ್ದು. ಕೊನೆ ಕೊಯ್ಯುವ ಕೊನೆಗೌಡರು ಮದ್ದು ಹೊಡೆಯಲು ಮರ ಹತ್ತಿದಾಗ ಅವರ ಕೈಗೇ ಮೊಬೈಲ್ ಕೊಟ್ಟು ತೆಗೆಸಿದ್ದು. ಎರಡು ಮಳೆಗಾಲ ಹಿಡಿಯಿತು. ಅದರ ಬಗ್ಗೆ ಬರೆದ ಸಂಶೋಧನಾ ಪೇಪರ್ ಒಪ್ಪಿಗೆ ಆಯ್ತು ಅಂತ ಮೇಲ್ ಬಂದ ದಿನ ಮನೆಯಲ್ಲಿ ಪಾಯಸ. ಈಗ ಆ ಪಾಯಸ ಗಂಟಲಲ್ಲೇ ನಿಂತಿದೆ.

ಐಇಇಇ (ಎಂಜಿನಿಯರುಗಳ ಸಂಸ್ಥೆ) ಟೆಂಪ್ಲೇಟ್, ಎರಡು ಕಾಲಂ, ಆರು ಪುಟದ ಮಿತಿ. ನನ್ನದು ಆರೂವರೆ. ಅಕ್ಷರ 10 ಪಾಯಿಂಟ್ ಇದ್ದದ್ದನ್ನು ಒಂಬತ್ತೂವರೆ ಮಾಡಿದೆ. ತಲೆಬರಹಗಳ ಮೇಲೆ ಕೆಳಗಿನ ಜಾಗ ಹಿಂಡಿದೆ. ಕೃತಜ್ಞತೆಯ ಎರಡು ಸಾಲು ತೆಗೆದೆ. ಆದರೂ ಹನ್ನೊಂದು ಸಾಲು ಏಳನೇ ಪುಟದಲ್ಲೇ ಕೂತಿದೆ.

ಇದು ಸಾಲದು ಅಂತ, ಪೇಪರ್ ಒಪ್ಪಿದವರು ಹೇಳಿದ ತಪಾಸಣೆಗೆ ಪಿಡಿಎಫ್ ಹಾಕಿದರೆ 'ಟೈಪ್ 3 ಫಾಂಟ್ ಇದೆ' ಅಂತ ವಾಪಸ್ ಬಂತು. ಬರೆದದ್ದು ಪುಟ ಜೋಡಿಸುವ ಲೇಟೆಕ್‌ನಲ್ಲಿ, ಓವರ್‌ಲೀಫ್ ಮೇಲೆ. ಫಾಂಟ್ ನಾನು ಮುಟ್ಟಿಯೇ ಇಲ್ಲ!

ಇನ್ನೊಂದು ಇದೆ, ನಗಬೇಡಿ. ಚಿತ್ರ 2ರ ಬಾರ್ ಗ್ರಾಫ್ ಕೆಳಗೆ ಕನ್ನಡದಲ್ಲೇ 'ಮೈಲುತುತ್ತ', 'ಕೊಟ್ಟೆ', 'ಏನೂ ಮಾಡದ್ದು' ಅಂತ ಹಾಕಿದ್ದೇನೆ. ಮದ್ದು ಹೊಡೆದ ಕೊನೆ, ಮಳೆ ತಾಗದಂತೆ ಕೊಟ್ಟೆ ಕಟ್ಟಿದ ಕೊನೆ, ಹಾಗೇ ಬಿಟ್ಟ ಕೊನೆ. ಒತ್ತಕ್ಷರ ಕೆಳಗೆ ಇಳಿಯದೆ 'ತ್' ಬೇರೆ, 'ತ' ಬೇರೆ ಆಗಿ ನಿಂತಿವೆ. ಇಂಗ್ಲಿಷ್ ಹಾಕಿ ಮುಗಿಸು ಅಂತಾರೆ ಗೈಡ್. ನನಗೆ ಮನಸ್ಸಿಲ್ಲ.

ಭಾನುವಾರ ರಾತ್ರಿ ಗಡುವು. ಇಲ್ಲಿ ಮಳೆ, ಕರೆಂಟ್ ಬಂದಾಗ ಬಂತು.

ಕಾಳಿ ಸೇತುವೆ (ಕಾರವಾರ)

ಮೊದಲು ಆ ಒಂಬತ್ತೂವರೆಯನ್ನು ವಾಪಸ್ 10 ಮಾಡಿ ಮಾರಾಯ್ರೆ. ನಾನೂ ಮೊದಲ ಪೇಪರ್‌ನಲ್ಲಿ ಅಂಚಿನಿಂದ ಎರಡು ಮಿಲಿಮೀಟರ್ ಕದ್ದಿದ್ದೆ. ಯಾರು ಸ್ಕೇಲ್ ಹಿಡಿದು ಕೂತಿರ್ತಾರೆ ಅಂದುಕೊಂಡೆ. ಮೂರನೇ ದಿನ ಅಳತೆ ಸಮೇತ ಮೇಲ್ ಬಂತು. ಟೈಪ್ 3 ಕಥೆ ನನಗೆ ಗೊತ್ತಿಲ್ಲ, ಮೇಷ್ಟ್ರು ಬರಲಿ.

ಕುಮಟೆ ಮೇಷ್ಟ್ರು

ಬಂದೆ. ತಂಗೀ, ಗಾಬರಿ ಬೇಡ. ಒಂದು ದಿನದ ಕೆಲಸ ಇದು, ಕರೆಂಟ್ ಇದ್ದರೆ.

ಟೈಪ್ 3 ಅಂದರೆ ಪಿಡಿಎಫ್ ಒಳಗೆ ಅಕ್ಷರ ಇಡುವ ಒಂದು ಬಗೆ. ಅದು ಬಂದದ್ದು ನಿಮ್ಮ ಬರಹದಿಂದ ಅಲ್ಲ, ಗ್ರಾಫಿನಿಂದ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಮಾಡಿದ್ದು ಅಲ್ವಾ? ಅದು ಪಿಡಿಎಫ್ ಉಳಿಸುವಾಗ ತಾನಾಗಿಯೇ ಟೈಪ್ 3 ಫಾಂಟ್ ತುಂಬುತ್ತದೆ. ಅದರ ಸೆಟ್ಟಿಂಗ್‌ನಲ್ಲಿ 'ಪಿಡಿಎಫ್ ಡಾಟ್ ಫಾಂಟ್‌ಟೈಪ್' ಅಂತ ಒಂದಿದೆ. 3 ಇದ್ದದ್ದನ್ನು 42 ಮಾಡಿ, ಎಲ್ಲ ಗ್ರಾಫ್ ಮತ್ತೆ ಉಳಿಸಿ. 42 ಅಂದರೆ ಟ್ರೂಟೈಪ್. ಆಮೇಲೆ ಅಡೋಬಿ ರೀಡರ್‌ನಲ್ಲಿ ಪಿಡಿಎಫ್ ತೆರೆದು ಪ್ರಾಪರ್ಟೀಸ್ ಒಳಗೆ ಫಾಂಟ್ಸ್ ಪಟ್ಟಿ ನೋಡಿ. ಪ್ರತಿ ಹೆಸರಿನ ಮುಂದೆ 'ಎಂಬೆಡೆಡ್' ಅಂತ ಇರಬೇಕು, ಟೈಪ್ 3 ಎಲ್ಲೂ ಇರಬಾರದು. ಅವರ ತಪಾಸಣೆಗೆ ಹಾಕುವ ಮೊದಲು ಮನೆಯಲ್ಲೇ ನೋಡಿಕೊಂಡರೆ ನೆಟ್‌ವರ್ಕ್ ಕಾಯುವುದು ತಪ್ಪುತ್ತದೆ.

ಗ್ರಾಫ್ ಮತ್ತೆ ಮಾಡುವುದೇ ಆದರೆ ಅಳತೆಯನ್ನೂ ಸರಿ ಮಾಡಿ. ನೀವೇನೂ ಹೇಳದಿದ್ದರೆ ಅದು 6.4 ಇಂಚು ಅಗಲದ ಚಿತ್ರ ಕೊಡುತ್ತದೆ, ಅಕ್ಷರ 10 ಪಾಯಿಂಟ್. ನಿಮ್ಮ ಕಾಲಂ ಇರುವುದು ಮೂರೂವರೆ ಇಂಚು. ಕುಗ್ಗಿಸಿದಾಗ ಅಕ್ಷರ ಐದೂವರೆ ಪಾಯಿಂಟ್ ಆಗಿ ಇರುವೆ ಸಾಲಿನ ಹಾಗೆ ಕಾಣುತ್ತದೆ. ಮೊದಲೇ ಅಗಲ 3.5, ಅಕ್ಷರ 8 ಅಂತ ಕೊಡಿ. ಟೆಂಪ್ಲೇಟ್ ಕೇಳುವುದೂ ಚಿತ್ರದೊಳಗೆ 8 ಪಾಯಿಂಟೇ.

ಒತ್ತಕ್ಷರಕ್ಕೆ ಬರೋಣ. ನಗುವುದಿಲ್ಲ, ಇಡೀ ಪ್ರಶ್ನೆಯಲ್ಲಿ ನನಗೆ ಇಷ್ಟವಾದದ್ದು ಇದೇ. ಗ್ರಾಫ್ ಬರೆಯಲು ನೀವು ಬಳಸಿದ ಆವೃತ್ತಿಗೆ ಕನ್ನಡ ಅಕ್ಷರ ಕೂಡಿಸುವ ವಿದ್ಯೆ ಬರುವುದಿಲ್ಲ. ಆದ್ದರಿಂದ ಕೆಳಗಿನ ಹೆಸರು ಖಾಲಿ ಬಿಟ್ಟು ಗ್ರಾಫನ್ನು ಎಸ್‌ವಿಜಿ ಆಗಿ ಉಳಿಸಿ. ಚಿತ್ರ ತಿದ್ದುವ ಇಂಕ್‌ಸ್ಕೇಪ್‌ನಲ್ಲಿ ತೆರೆದು ಕನ್ನಡ ಅಲ್ಲಿ ಟೈಪ್ ಮಾಡಿ, ನೋಟೊ ಕನ್ನಡ ಫಾಂಟ್ ಸಾಕು. ಪಿಡಿಎಫ್ ಮಾಡುವಾಗ ಅಕ್ಷರಗಳನ್ನು ಗೆರೆಗಳಾಗಿ ಬದಲಿಸುವ ಆಯ್ಕೆ ಕೇಳುತ್ತದೆ, ಅದಕ್ಕೆ ಗುರುತು ಹಾಕಿ. ಫಾಂಟೇ ಇಲ್ಲದ ಮೇಲೆ ಫಾಂಟಿನ ತಕರಾರು ಎಲ್ಲಿಂದ? ಹಳೆಯ ನುಡಿ ಫಾಂಟಿನಲ್ಲಿ ಕುಟ್ಟಿದ್ದನ್ನು ಮಾತ್ರ ತಂದು ಅಂಟಿಸಬೇಡಿ. ಅದು ಯೂನಿಕೋಡ್ ಅಲ್ಲ, ಬರೀ ಕಸ ಬೀಳುತ್ತದೆ.

ಗೆರೆಯಾದ ಅಕ್ಷರವನ್ನು ಯಾರೂ ಹುಡುಕಲು ಆಗುವುದಿಲ್ಲ. ಹಾಗಾಗಿ ಚಿತ್ರದ ಕೆಳಗಿನ ವಿವರಣೆಯಲ್ಲಿ ಅವೇ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ, ಓರೆ ಅಕ್ಷರದಲ್ಲಿ ಬರೆದು ಅರ್ಥ ಕೊಡಿ. 'ಕೊಳೆರೋಗ' ಪದಕ್ಕೆ ಅಂಜಲೇಬೇಡಿ. ಕಾಫಿಯ ಕೊಳೆ ತರುವ ಶಿಲೀಂಧ್ರದ ಹಳೆಯ ಲ್ಯಾಟಿನ್ ಹೆಸರಿನಲ್ಲೇ ಆ ಪದ ಇದೆ. ಅಡಿಕೆ ಕೊಳೆಯ ಬಗ್ಗೆ ಕೃಷಿ ವಿಜ್ಞಾನಿ ಕೋಲ್‌ಮನ್ 1910ರಲ್ಲಿ ಮೈಸೂರಿನಿಂದ ಬರೆದದ್ದೂ ಅದೇ ಹೆಸರಲ್ಲಿ. ನಿಮ್ಮ ಗೈಡ್‌ಗೆ ಇದನ್ನು ಮೆತ್ತಗೆ ಹೇಳಿ.

ಈಗ ಪುಟ. ನಿಮ್ಮ ಪೇಪರ್ ನಾನು ನೋಡಿಲ್ಲ, ಆದರೂ ಪಂದ್ಯ ಕಟ್ಟುತ್ತೇನೆ. ಮೊದಲ ಪ್ಯಾರಾ 'ಭಾರತವು ಕೃಷಿ ಪ್ರಧಾನ ದೇಶ' ಅಂತ ಶುರುವಾಗುತ್ತದೆ. ತೆಗೆಯಿರಿ. ನಿಖರತೆಯ ಅಂಕಿಗಳು ಟೇಬಲ್‌ನಲ್ಲೂ ಇವೆ, ಅವೇ ಗ್ರಾಫ್‌ನಲ್ಲೂ ಇವೆ. ಒಂದು ಸಾಕು. ನ್ಯೂರಲ್ ನೆಟ್‌ವರ್ಕ್ ಅಂದರೇನು ಅಂತ ಒಂದು ಚಿತ್ರ ಇದೆ. ಓದುವವರಿಗೆಲ್ಲ ಅದು ಗೊತ್ತು. ಇಷ್ಟಕ್ಕೇ ಅರ್ಧ ಪುಟ ಹೋಗಬೇಕು. ಇನ್ನೂ ಎರಡು ಮೂರು ಸಾಲು ಉಳಿದರೆ, ಕೊನೆಯ ಸಾಲಿನಲ್ಲಿ ಒಂದೇ ಪದ ಇರುವ ಪ್ಯಾರಾ ಹುಡುಕಿ. ಮೇಲೊಂದು ಪದ ಕತ್ತರಿಸಿದರೆ ಪೂರ್ತಿ ಸಾಲೇ ಸಿಗುತ್ತದೆ. ರೆಫರೆನ್ಸ್‌ನಲ್ಲಿ ಆರಕ್ಕಿಂತ ಜಾಸ್ತಿ ಲೇಖಕರಿದ್ದರೆ ಮೊದಲನೆಯವರ ಹೆಸರು ಹಾಕಿ 'ಮತ್ತಿತರರು' ಅನ್ನುವುದು ಐಇಇಇ ಪದ್ಧತಿ. ಅಲ್ಲೂ ನಾಲ್ಕು ಸಾಲು ಸಿಗಬಹುದು.

ಕೃತಜ್ಞತೆಯ ಎರಡು ಸಾಲು ತೆಗೆದೆ ಅಂದಿರಲ್ಲ, ಯಾರಿಗಿತ್ತು ಅದು?

ತೋಟದ ದಾರಿ (ಶಿರಸಿ)

ಸರ್, ಪಂದ್ಯ ನೀವು ಗೆದ್ದಿರಿ. 'ಭಾರತವು ಕೃಷಿ ಪ್ರಧಾನ' ಅಂತಲೇ ಇತ್ತು. 😅 ಟೇಬಲ್ ವಿಷಯವೂ ಸರಿ. ನ್ಯೂರಲ್ ನೆಟ್‌ವರ್ಕ್ ಚಿತ್ರಕ್ಕೆ ಒಂದು ವಾರ ಕೂತಿದ್ದೆ, ತೆಗೆಯಲು ಹೊಟ್ಟೆ ಉರಿಯಿತು. ತೆಗೆದೆ. 42 ಹಾಕಿದ ಮೇಲೆ ಫಾಂಟ್ ಪಟ್ಟಿ ಶುದ್ಧ. 'ತ್ತ' ಚೆಂದಾಗಿ ಕೆಳಗೆ ಇಳಿದಿದೆ. ಅಕ್ಷರ 10ಕ್ಕೆ ವಾಪಸ್, ಹಿಂಡಿದ ಜಾಗವೂ ವಾಪಸ್. ಈಗ ಆರು ಪುಟ, ಕೆಳಗೆ ಐದು ಸಾಲು ಖಾಲಿ.

ಕೃತಜ್ಞತೆ ಇದ್ದದ್ದು ಕೊನೆಗೌಡರಿಗೆ.

ಕುಮಟೆ ಮೇಷ್ಟ್ರು

ಐದು ಸಾಲು ಖಾಲಿ ಇದೆಯಲ್ಲ. ಅವರ ಎರಡು ಸಾಲು ಮೊದಲು ವಾಪಸ್ ಹಾಕಿ, ಆಮೇಲೆ ಮಾತಾಡೋಣ. ಒದ್ದೆ ಮರದ ತುದಿಯಲ್ಲಿ ಕೂತು ಫೋಕಸ್ ಮಾಡಿದವರು ಅವರು.

ಅಂಕೋಲೆ ಅಕ್ಕ

ತಡವಾಗಿ ನೋಡಿದೆ. ಕಳಿಸುವ ಮೊದಲು ಹಾಳೆಯ ಅಳತೆ ನೋಡಿಕೊಳ್ಳಿ. ಲೇಟೆಕ್ ಟೆಂಪ್ಲೇಟ್ ಏನೂ ಹೇಳದಿದ್ದರೆ ಅಮೆರಿಕದ ಲೆಟರ್ ಹಾಳೆ ಹಿಡಿಯುತ್ತದೆ. ನಿಮ್ಮವರು ಎ4 ಕೇಳಿದ್ದರೆ ಅದನ್ನು ಬದಲಿಸಿದ ಮೇಲೆ ಪುಟ ಮತ್ತೆ ಎಣಿಸಿ. ಪುಟ ಸಂಖ್ಯೆ ನೀವು ಹಾಕಬೇಡಿ, ಅದನ್ನು ಸಂಪುಟ ಮಾಡುವವರು ಹಾಕುತ್ತಾರೆ.

ನಿಮ್ಮ ಹೆಸರನ್ನೂ ಈಗಲೇ ಗಟ್ಟಿ ಮಾಡಿಕೊಳ್ಳಿ. ನಮ್ಮ ಜಿಲ್ಲೆಯವರ ದೊಡ್ಡ ರಗಳೆ ಇದು. ನನ್ನ ಮೊದಲ ಪೇಪರ್‌ನಲ್ಲಿ ಹೆಗಡೆಗೆ ಇಂಗ್ಲಿಷಿನಲ್ಲಿ 'ಜಿ' ಆದ ಮೇಲೆ 'ಎ' ಇತ್ತು, ಎರಡನೆಯದರಲ್ಲಿ ಇರಲಿಲ್ಲ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಗೂಗಲ್ ಸ್ಕಾಲರ್ ನನ್ನನ್ನು ಇಬ್ಬರನ್ನಾಗಿ ಮಾಡಿಬಿಟ್ಟಿತು. ಇಬ್ಬರಿಗೂ ಒಂದೊಂದೇ ಪೇಪರ್! ಪೇಪರ್, ಕಾಪಿರೈಟ್ ಫಾರಂ, ನೋಂದಣಿ ಮೂರರಲ್ಲೂ ಒಂದೇ ಸ್ಪೆಲ್ಲಿಂಗ್ ಇರಲಿ. ಓರ್ಕಿಡ್ ನಂಬರ್ (ಸಂಶೋಧಕರ ಗುರುತಿನ ಸಂಖ್ಯೆ) ಇಲ್ಲದಿದ್ದರೆ ಮಾಡಿಸಿಕೊಳ್ಳಿ, 16 ಅಂಕಿಯದ್ದು, ದುಡ್ಡಿಲ್ಲ.

ತೋಟದ ದಾರಿ (ಶಿರಸಿ)

ಅಕ್ಕಾ, ಲೆಟರ್ ಹಾಳೆಯೇ ಇತ್ತು! ಎ4 ಮಾಡಿದೆ. ಆರು ಪುಟದಲ್ಲೇ ಇದೆ, ಬದುಕಿದೆ. ಇನಿಷಿಯಲ್ ಹಿಂದೆ ಅಂತ ತೀರ್ಮಾನ ಮಾಡಿದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಾಗೇ ಇರುವುದು.

ಸಂಜೆ ಮಳೆ ಬಿಟ್ಟಾಗ ಕೊನೆಗೌಡರ ಮನೆಗೆ ಹೋಗಿ ಹೆಸರು ಹೇಗೆ ಬರೆಯಬೇಕು ಅಂತ ಕೇಳಿ ಬಂದೆ. ಮೊಬೈಲ್‌ನಲ್ಲಿ ಪಿಡಿಎಫ್ ತೋರಿಸಿದೆ. ಆರೂ ಪುಟ ಸರಿಸಿ ಚಿತ್ರ 2ರ ಹತ್ತಿರ ನಿಂತರು. ಅವರಿಗೆ ಓದಲು ಬಂದದ್ದು ಅಲ್ಲಿನ ಮೂರು ಕನ್ನಡ ಹೆಸರು ಮಾತ್ರ. 'ಮೈಲುತುತ್ತ' ತೋರಿಸಿ, "ಇದರ ರೇಟು ಎಲ್ಲಿ ಬರೆದಿದ್ದೀ?" ಅಂತ ಕೇಳಿದರು.

ಒಂಬತ್ತೂ ನಲವತ್ತಕ್ಕೆ ಕಳಿಸಿದೆ. ತಪಾಸಣೆ ಪಾಸ್. ಹತ್ತಕ್ಕೆ ಕರೆಂಟ್ ಹೋಯಿತು.