‘ಜಾಗತಿಕ ಸಾಂಕ್ರಾಮಿಕ ಮುಗಿಯಿತು’ ಎನ್ನುವಲ್ಲಿ ಯಾವ ಕ್ರಿಯಾಪದ ಸರಿ?

ಮಾನ್ಯರೇ,

ದಾವಣಗೆರೆಯ ಪ್ರೌಢಶಾಲಾ ಮಕ್ಕಳಿಗಾಗಿ ಸೋಂಕು ರೋಗಗಳ ಕುರಿತು ಕಿರುಹೊತ್ತಗೆಯೊಂದನ್ನು ಬರೆಯುತ್ತಿದ್ದೇನೆ. ‘ಜಾಗತಿಕ ಸಾಂಕ್ರಾಮಿಕವೊಂದು ಅಧಿಕೃತವಾಗಿ ಎಂದು ಮುಗಿಯುತ್ತದೆಂದು ಮೊದಲೇ ಹೇಳಬಹುದೇ?’ ಎಂಬ ಪ್ರಶ್ನೆಗೆ ಉತ್ತರ ಬರೆಯಲು ಕುಳಿತರೆ, ‘ಮುಗಿಯುವುದು’ ಎಂಬ ಒಂದೇ ಕ್ರಿಯಾಪದದೊಳಗೆ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿರುವುದು ಕಾಣುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಬಗ್ಗೆ 2020ರ ಜನವರಿ 30ರಂದು ಅಂತರರಾಷ್ಟ್ರೀಯ ತುರ್ತು ಪರಿಸ್ಥಿತಿಯನ್ನು ಘೋಷಿಸಿ, ಮಾರ್ಚ್ 11ರಂದು ಅದನ್ನು ಜಾಗತಿಕ ಸಾಂಕ್ರಾಮಿಕವೆಂದು ಕರೆಯಿತು. 2023ರ ಮೇ 5ರಂದು ಕೊನೆಗೊಂಡದ್ದು ಇವೆರಡರಲ್ಲಿ ಮೊದಲನೆಯದು ಮಾತ್ರ. ರೋಗದ ಅಪಾಯ ಕಳೆಯಿತೆಂದು ಇದರ ಅರ್ಥವಲ್ಲವೆಂದು ಸಂಸ್ಥೆಯ ಮುಖ್ಯಸ್ಥರು ಅಂದೇ ಎಚ್ಚರಿಸಿದ್ದರು. ಆದ್ದರಿಂದ ಅದನ್ನು ‘ಕೊರೊನಾ ಅಂತ್ಯ’ ಎಂದು ಬರೆಯುವುದು ತಪ್ಪೆಂದೇ ನನ್ನ ಅಭಿಪ್ರಾಯ. ‘ತುರ್ತು ಪರಿಸ್ಥಿತಿ ತೆರವಾಯಿತು’ ಎಂದರೆ ಸಾಕು. ಒಂದಿಷ್ಟು ನಂಬಿಕೆಯಿಂದ ಮೊದಲೇ ಊಹಿಸಬಹುದಾದದ್ದೂ ಈ ತೆರವನ್ನೇ. ಏಕೆಂದರೆ ತಜ್ಞರ ಸಮಿತಿಯು ಸುಮಾರು ಮೂರು ತಿಂಗಳಿಗೊಮ್ಮೆ ಸೇರಿ, ಸಾವುಗಳ ಇಳಿಕೆಯನ್ನೂ ಜನರಲ್ಲಿ ಬೆಳೆದ ರೋಗನಿರೋಧಕ ಶಕ್ತಿಯನ್ನೂ ನೋಡಿ ಸಲಹೆ ಕೊಡುತ್ತಿತ್ತು.

ಸಿಡುಬಿನ ಮಾತು ಬೇರೆ. ಸಹಜವಾಗಿ ಹರಡಿದ ಅದರ ಕೊನೆಯ ಪ್ರಕರಣ 1977ರಲ್ಲಿ ಸೊಮಾಲಿಯಾದಲ್ಲಿ ಕಂಡಿತು. ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು 1980ರ ಮೇ 8ರಂದು ಘೋಷಣೆಯಾಯಿತು. ಅದಕ್ಕೆ ‘ನಿರ್ಮೂಲನ’ ಎಂಬ ಪದ ಒಪ್ಪುತ್ತದೆ.

ತೊಡಕಿರುವುದು ಇವೆರಡರ ನಡುವಿನ ಸ್ಥಿತಿಯಲ್ಲಿ. 2009ರ ಎಚ್1ಎನ್1 ಜ್ವರದ ಜಾಗತಿಕ ಹಂತ ಕಳೆಯಿತೆಂದು 2010ರ ಆಗಸ್ಟ್ 10ರಂದು ಸಾರಲಾಯಿತಾದರೂ, ಆ ವೈರಾಣು ಋತುಮಾನದ ಜ್ವರವಾಗಿ ಇಂದಿಗೂ ನಮ್ಮ ನಡುವೆ ಇದೆ. ಇಂಥ ರೋಗವನ್ನು ಕೆಲವರು ‘ಸ್ಥಳೀಯ ರೋಗ’ ಎನ್ನುತ್ತಾರೆ. ಆದರೆ ಅದನ್ನು ಓದಿದ ಮಗುವಿಗೆ ರೋಗವು ಯಾವುದೋ ಒಂದೂರಿಗೆ ಸೀಮಿತವೆಂಬ ಭಾವನೆ ಬರುತ್ತದೆ. ‘ನೆಲೆನಿಂತ ರೋಗ’ ಎಂಬುದು ಹೆಚ್ಚು ಸ್ಪಷ್ಟವೆಂದು ನನಗೆ ತೋರುತ್ತದೆ.

ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆಯ ಹಳ್ಳಿಗಳಲ್ಲಿ ಮೈಮೇಲೆ ಎದ್ದ ಗುಳ್ಳೆ ಬಾಡಿದಾಗ ಹಿರಿಯರು ‘ಅಮ್ಮ ಇಳಿದಳು’ ಎನ್ನುತ್ತಾರೆ. ರೋಗರುಜಿನ ಬಾರದಿರಲೆಂದು ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ, ಹೊಲ ತೋಟಗಳಲ್ಲಿ ಅಡುಗೆ ಮಾಡಿ ಉಂಡು ಸಂಜೆ ಮರಳುವ ಹೊರಬೀಡಿನಲ್ಲಿಯೂ ಮಾರಿಯನ್ನು ಗಡಿ ದಾಟಿಸುವ ಮಾತೇ ಹೊರತು ಕೊಲ್ಲುವ ಮಾತಿಲ್ಲ. ಜ್ವರವೂ ನಮ್ಮಲ್ಲಿ ಇಳಿಯುತ್ತದೆ. ಇಳಿದದ್ದು ಮತ್ತೆ ಏರಬಹುದೆಂಬ ಎಚ್ಚರ ಆ ಪದದೊಳಗೇ ಇದೆ.

ಹೀಗಿರುವಾಗ ‘ಜಾಗತಿಕ ಸಾಂಕ್ರಾಮಿಕ ಇಳಿಯಿತು’ ಎಂಬ ಪ್ರಯೋಗವು ಪಠ್ಯದ ಭಾಷೆಗೆ ಸಲ್ಲುತ್ತದೆಯೇ, ‘ನೆಲೆನಿಂತ’ ಎಂಬುದಕ್ಕಿಂತ ಉತ್ತಮ ಪದ ಈಗಾಗಲೇ ಬಳಕೆಯಲ್ಲಿದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.