ಸಹಾಯ ಬೇಕು: ಮರಿ ಹಾಕಿಸುವುದನ್ನು ನಿಲ್ಲಿಸಿದ ಮುಧೋಳ ನಾಯಿಗೆ ಮನೆಯ ರೂಢಿ ಕಲಿಸುವುದು ಹೇಗೆ?

ಬಾಗಲಕೋಟೆಯ ನವನಗರದಲ್ಲಿರುವ ನಾವು, ಮುಧೋಳ ತಾಲ್ಲೂಕಿನ ಸಾಕಣೆದಾರರೊಬ್ಬರು ಇನ್ನು ಮರಿ ಹಾಕಿಸುವುದಿಲ್ಲವೆಂದು ಬಿಟ್ಟುಕೊಟ್ಟ 6 ವರ್ಷದ ಹೆಣ್ಣು ಮುಧೋಳ ನಾಯಿಯನ್ನು ಮೂರು ವಾರಗಳ ಹಿಂದೆ ಮನೆಗೆ ತಂದಿದ್ದೇವೆ. ಇಷ್ಟು ವರ್ಷ ತಗಡಿನ ಶೆಡ್ಡಿನಲ್ಲೇ ಬೆಳೆದ ಅದಕ್ಕೆ ಅಂಗಳ ಯಾವುದು, ಪಡಸಾಲೆ ಯಾವುದು ಎಂಬುದು ತಿಳಿಯುತ್ತಿಲ್ಲ. ಎದ್ದ ಕೂಡಲೇ ಹಾಗೂ ಊಟವಾದ ಮೇಲೆ ಹಿತ್ತಲಿಗೆ ಕರೆದೊಯ್ದರೂ ಗೋಡೆಗೆ ಒತ್ತಿಕೊಂಡು ನಿಂತು, ಒಳಗೆ ಬಂದ ಮೇಲೆ ಫರಸಿಯ ಮೇಲೆ ಮೂತ್ರ ಮಾಡುತ್ತದೆ. ಬಹುಶಃ ಶೆಡ್ಡಿನ ಗಟ್ಟಿ ನೆಲವೇ ಅದಕ್ಕೆ ರೂಢಿಯಾಗಿರಬೇಕು. ನಾವು ಗದರಿಸಿಲ್ಲ, ಗದರಿಸುವುದೂ ಇಲ್ಲ. ಮಿಕ್ಸರ್ ಸದ್ದಿಗೇ ಹಿಂಗಾಲು ನಡುಗುವ ಜೀವವದು. ಪಶುವೈದ್ಯರು ಪರೀಕ್ಷಿಸಿ ಮೂತ್ರದಲ್ಲಿ ಸೋಂಕಿಲ್ಲ ಎಂದಿದ್ದಾರೆ. ಹಿತ್ತಲಲ್ಲಿ ಒಂದು ಫರಸಿ ಕಲ್ಲು ಹಾಸಿ ಅಲ್ಲಿಂದ ರೂಢಿ ಮಾಡಿಸಬಹುದೇ, ರಾತ್ರಿ ಎಷ್ಟು ಬಾರಿ ಎಬ್ಬಿಸಬೇಕು, ಓಡುವುದನ್ನು ಕಂಡರೆ ಬೆನ್ನಟ್ಟುವ ತಳಿಯಾದ್ದರಿಂದ ಹಗ್ಗ ಬಿಚ್ಚುವುದು ಯಾವಾಗ ಸುರಕ್ಷಿತ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕೆಂದು ವಿನಂತಿ.