ಚಪ್ಪಾಳೆಯಲ್ಲಿ ವಿಶ್ವಕಪ್ ಹಂಚಿದ ಫಿಫಾ: 2024 ಹೇಗಿತ್ತು?

ಗೋಲಿ ಮಂಜು:
ಡಿಸೆಂಬರ್ 11ರಂದು ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾ ಆನ್‌ಲೈನ್ ಸಭೆ ಮಾಡಿ 2030ರ ಪುರುಷರ ವಿಶ್ವಕಪ್ಪನ್ನು ಮೊರಾಕೊ, ಸ್ಪೇನ್, ಪೋರ್ಚುಗಲ್‌ಗೆ ಕೊಟ್ಟಿತು, 2034ರದ್ದನ್ನು ಸೌದಿಗೆ. ಮತ ಎಣಿಸಲೇ ಇಲ್ಲ, ಪರದೆ ಮೇಲೆ ಚಪ್ಪಾಳೆ ತಟ್ಟಿದರು, ಮುಗೀತು. 211 ಸದಸ್ಯರಿರುವ ಸಂಸ್ಥೆ ಇಷ್ಟು ದೊಡ್ಡ ತೀರ್ಮಾನವನ್ನು ಹೀಗೆ ಮಾಡಬಾರದು. ನನ್ನ ಪ್ರಕಾರ ಫಿಫಾ ಆಡಳಿತಕ್ಕೆ ಇಡೀ ವರ್ಷವೇ ಹಾಳು.

ರೇಖಾ ಕೆ:
ಚಪ್ಪಾಳೆ ತಪ್ಪು, ಒಪ್ಪುತ್ತೇನೆ. ಆದರೆ ಇಡೀ ವರ್ಷವೇ ಹಾಳು ಅನ್ನಬೇಡಿ ಮಂಜು ಅವರೇ. ಮೇ ತಿಂಗಳಲ್ಲಿ ಬ್ಯಾಂಕಾಕ್‌ನಲ್ಲಿ 2027ರ ಮಹಿಳಾ ವಿಶ್ವಕಪ್‌ಗೆ ಸದಸ್ಯ ದೇಶಗಳೇ ಮತ ಹಾಕಿದವು. ಬ್ರೆಜಿಲ್‌ಗೆ 119, ಬೆಲ್ಜಿಯಂ, ನೆದರ್ಲೆಂಡ್ಸ್, ಜರ್ಮನಿ ಸೇರಿ ಕೇಳಿದ್ದಕ್ಕೆ 78. 2023ರ ಆತಿಥ್ಯವನ್ನು ಫಿಫಾ ಆಡಳಿತ ಮಂಡಳಿಯಾದ ಕೌನ್ಸಿಲ್‌ನ ಕೆಲವೇ ಜನ ತೀರ್ಮಾನಿಸಿದ್ದರು. ಹೆಣ್ಣುಮಕ್ಕಳ ಆಟಕ್ಕೆ ಈ ಮರ್ಯಾದೆ ಸಿಕ್ಕಿದ್ದು ಸಣ್ಣ ವಿಷಯ ಅಲ್ಲ.

ಗೋಲಿ ಮಂಜು:
ಅದೇ ಬ್ಯಾಂಕಾಕ್ ಸಭೆಯಲ್ಲೇ ಸ್ಥಾಯಿ ಸಮಿತಿಗಳನ್ನು 7ರಿಂದ 35ರವರೆಗೆ ಏರಿಸೋಕೆ ಒಪ್ಪಿದ್ದು ಕೂಡ! 2015ರಲ್ಲಿ ಫಿಫಾ ಅಧಿಕಾರಿಗಳ ಲಂಚದ ಹಗರಣ ಆದ ಮೇಲೆ, ಕುರ್ಚಿ ಕೊಟ್ಟು ಬೆಂಬಲ ಪಡೆಯೋದು ನಿಲ್ಲಲಿ ಅಂತ ತಾನೇ ಸಮಿತಿಗಳನ್ನು ಕಡಿಮೆ ಮಾಡಿದ್ದು?

ಹಾಫ್‌ಟೈಮ್:
ಸೌದಿ ಒಂದೇ ಅರ್ಜಿದಾರ ಆಗಿತ್ತು, ಮತ ಹಾಕಿದ್ದರೂ ಅದೇ ಫಲಿತಾಂಶ ಅಲ್ವಾ?

ಗೋಲಿ ಮಂಜು:
ಒಂದೇ ಯಾಕಾಯಿತು ಅಂತ ನೋಡಿ. 2030ರ ಪಂದ್ಯಗಳನ್ನು ಯುರೋಪ್, ಆಫ್ರಿಕಾ, ಮೊದಲ ಕೆಲವನ್ನು ದಕ್ಷಿಣ ಅಮೆರಿಕ, ಹೀಗೆ ಮೂರೂ ಕಡೆ ಹಂಚಿದ್ದರಿಂದ, ಖಂಡಗಳ ಸರದಿ ನಿಯಮದಂತೆ 2034ಕ್ಕೆ ಏಷ್ಯಾ, ಓಷಿಯಾನಿಯಾ ಮಾತ್ರ ಉಳಿದವು. ಆಸಕ್ತಿ ತಿಳಿಸೋಕೆ 2023ರ ಅಕ್ಟೋಬರ್‌ನಲ್ಲಿ ಒಂದು ತಿಂಗಳೂ ಸಿಗಲಿಲ್ಲ, ಆಸ್ಟ್ರೇಲಿಯಾ ಕೊನೇ ದಿನ ಬೇಡ ಅಂದಿತು. ಎರಡೂ ವಿಶ್ವಕಪ್‌ಗಳ ತೀರ್ಮಾನವನ್ನು ಒಂದೇ ಗಂಟು ಹಾಕಿದ್ದರಿಂದ ಸೌದಿ ಬೇಡ ಅನ್ನೋರಿಗೆ 2030ರದ್ದನ್ನು ಮಾತ್ರ ಒಪ್ಪೋ ದಾರಿ ಇರಲಿಲ್ಲ. ನಾರ್ವೆಯವರು ಈ ವಿಧಾನವೇ ಸರಿಯಿಲ್ಲ ಅಂತ ಪತ್ರ ಬರೆದರು.

ಶಿವು ಹುಬ್ಳಿ:
ನನ್ನ ಪ್ರಕಾರ ವರ್ಷದ ನಿಜವಾದ ಬದಲಾವಣೆ ಹೊರಗಿನಿಂದ ಬಂತು. ಫ್ರಾನ್ಸ್‌ನ ಆಟಗಾರ ಲಸ್ಸಾನಾ ದಿಯಾರಾ ಪ್ರಕರಣ. 2014ರಲ್ಲಿ ರಷ್ಯಾದ ಕ್ಲಬ್ ಲೋಕೋಮೊಟಿವ್ ಮಾಸ್ಕೊ ಜೊತೆಗಿನ ಒಪ್ಪಂದ ಮುರಿಯಿತು, ಆಟಗಾರನಿಗೆ ದಂಡ ಬಿತ್ತು. ಅವನನ್ನು ಸೇರಿಸಿಕೊಂಡ ಹೊಸ ಕ್ಲಬ್ಬೂ ಆ ದಂಡಕ್ಕೆ ಹೊಣೆ ಅನ್ನೋ ಫಿಫಾ ನಿಯಮದಿಂದ ಬೆಲ್ಜಿಯಂನ ಕ್ಲಬ್ ಹಿಂದೆ ಸರಿಯಿತು. ಹತ್ತು ವರ್ಷ ಆದ ಮೇಲೆ, ಅಕ್ಟೋಬರ್ 4ರಂದು ಯುರೋಪಿಯನ್ ಒಕ್ಕೂಟದ ಕೋರ್ಟು ಆ ನಿಯಮಗಳಲ್ಲಿ ಕೆಲವು ಒಕ್ಕೂಟದ ಕಾನೂನಿಗೆ ವಿರುದ್ಧ ಎಂದಿತು. ಫಿಫಾ ತಿದ್ದಲೇಬೇಕಾಯಿತು.

ಹಾಫ್‌ಟೈಮ್:
ನಮ್ಮಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಭಾರತೀಯ ಫುಟ್‌ಬಾಲ್ ಒಕ್ಕೂಟ ನಡೆಸೋಕೆ ಆಡಳಿತಗಾರರ ಸಮಿತಿ ನೇಮಿಸಿದ್ದಕ್ಕೆ ಇದೇ ಫಿಫಾ ಹೊರಗಿನವರ ಹಸ್ತಕ್ಷೇಪ ಅಂತ ಆಗಸ್ಟ್‌ನಲ್ಲಿ ಭಾರತವನ್ನೇ ಅಮಾನತು ಮಾಡಿತ್ತು.

ರೇಖಾ ಕೆ:
ಅದೂ ನಿಜ. ಅಲ್ಲಿ ಅವಧಿ ಮುಗಿದರೂ ಚುನಾವಣೆ ಮಾಡದೆ ಕೂತವರಿದ್ದರು, ಅದಕ್ಕೇ ಕೋರ್ಟು ಬಂತು. ಸುಮ್ನೆ ಹಸ್ತಕ್ಷೇಪ ಅಂದುಬಿಟ್ಟರೆ ಆಟಗಾರರು ಹೋಗೋದಾದರೂ ಎಲ್ಲಿಗೆ?

ಶಿವು ಹುಬ್ಳಿ:
ಕೋರ್ಟಿಗೇ ಹೋಗಬೇಕು ಮೇಡಂ. ಫಿಫಾದ 32 ತಂಡಗಳ ಕ್ಲಬ್ ವಿಶ್ವಕಪ್ಪೂ ಸೇರಿದ ಪಂದ್ಯಗಳ ಕ್ಯಾಲೆಂಡರ್ ವಿರುದ್ಧ ಯುರೋಪಿನ ಆಟಗಾರರ ಸಂಘವೂ ಲೀಗ್‌ಗಳೂ ಅಕ್ಟೋಬರ್‌ನಲ್ಲೇ ಯುರೋಪಿಯನ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟಿದ್ದಾರೆ.